ಮಿದುಳಿನಲ್ಲಿ ಮೂಸುವ ಕೋಶಗಳು

ಉಪ್ಪುನೀರಿನಲ್ಲಿ ಮಿಡಿಯುತ್ತಿದ್ದ ಎರಡು ಕಪ್ಪೆ ಹೃದಯಗಳು. ಆಸ್ಟ್ರಿಯಾದ ಗ್ರಾಜ್ ನಗರದ ವಿಜ್ಞಾನಿ ಆಟೊ ಲೊಯೆವಿ ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆಣಕಿದರು. ಬಡಿತ ನಿಧಾನವಾಯಿತು, ಅದು ಆಗಲೇ ಗೊತ್ತಿದ್ದ ಸಂಗತಿ. ಆದರೆ ಆ ಹೃದಯದ ನೀರನ್ನು ಎರಡನೆಯದಕ್ಕೆ ಸುರಿದಾಗ ನರದ ನಂಟೇ ಇಲ್ಲದ ಆ ಹೃದಯವೂ ನಿಧಾನವಾಯಿತು. 1921ರ ಈ ಪ್ರಯೋಗದ ಉಪಾಯ ತಮಗೆ ಕನಸಿನಲ್ಲಿ ಹೊಳೆಯಿತೆಂದು ಲೊಯೆವಿ ಬರೆದುಕೊಂಡಿದ್ದಾರೆ. ಮೊದಲ ರಾತ್ರಿ ಎದ್ದು ಗೀಚಿಟ್ಟದ್ದನ್ನು ಬೆಳಿಗ್ಗೆ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಯೋಚನೆ ಮರಳಿದಾಗ ನೇರವಾಗಿ ಪ್ರಯೋಗಶಾಲೆಗೆ ಹೋದರು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದು ಹೀಗೆ ಸಾಬೀತಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕನಸಲ್ಲ, ಎರಡನೆಯ ಹೃದಯ. ಆ ನೀರಿನಲ್ಲಿದ್ದದ್ದು ಅಸಿಟೈಲ್‌ಕೋಲಿನ್. ಅಷ್ಟು ಅಲ್ಪ ಪ್ರಮಾಣವನ್ನು ಅಳೆಯುವ ಯಂತ್ರ ಲೊಯೆವಿ ಬಳಿ ಇರಲಿಲ್ಲ. ಜೀವ ಹೊರಡಿಸಿದ ಸಂದೇಶವನ್ನು ಇನ್ನೊಂದು ಜೀವವೇ ಓದಿ ಹೇಳಿತು.

ಮಿದುಳಿನೊಳಗೆ ಈ ಓದು ಬಹಳ ಕಷ್ಟ. ಎರಡು ನರಕೋಶಗಳ ನಡುವಿನ ಸಂದು ಸುಮಾರು 20 ನ್ಯಾನೊಮೀಟರ್. ಸಣ್ಣ ನಳಿಕೆ ಇಳಿಸಿ ದ್ರವ ಸಂಗ್ರಹಿಸುವ ಮೈಕ್ರೊಡಯಾಲಿಸಿಸ್‌ನಲ್ಲಿ ಒಂದೊಂದು ಮಾದರಿಗೂ ನಿಮಿಷಗಟ್ಟಲೆ ಹಿಡಿಯುತ್ತದೆ. ಕ್ಷಣದಲ್ಲಿ ಮುಗಿಯುವ ಮಾತು ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಮಿದುಳಿಗೆ ಇಳಿಸುವ ಇಂಗಾಲದ ತಂತಿಯ ವಿದ್ಯುದ್ವಾರ ವೇಗದ್ದು, ಆದರೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸಲು ತಡವರಿಸುತ್ತದೆ. ಇವು ಅವಳಿಗಳಂತೆ: ರಚನೆಯಲ್ಲಿ ಇರುವುದು ಒಂದೇ ಒಂದು ಹೈಡ್ರಾಕ್ಸಿಲ್ ಗುಂಪಿನ ವ್ಯತ್ಯಾಸ.

ಕ್ಯಾಲಿಫೋರ್ನಿಯಾದ ವಿಜ್ಞಾನಿ ಡೇವಿಡ್ ಕ್ಲೈನ್‌ಫೆಲ್ಡ್ ಮತ್ತು ಸಂಗಡಿಗರು 2010ರಲ್ಲಿ ಲೊಯೆವಿಯ ದಾರಿಯನ್ನೇ ಹಿಡಿದರು. ಅವರು ಆರಿಸಿಕೊಂಡದ್ದು ಹೆಚ್‌ಇಕೆ 293 ಎಂಬ ಕೋಶವನ್ನು. ಇದು ಮನುಷ್ಯ ಭ್ರೂಣದ ಮೂತ್ರಪಿಂಡದಿಂದ 1970ರ ದಶಕದಲ್ಲಿ ಬೆಳೆಸಿದ ತಳಿ. ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗದಲ್ಲಿ ದಕ್ಕಿದ್ದರಿಂದ ಆ ಸಂಖ್ಯೆ. ಇದಕ್ಕೆ ಎರಡು ಜೀನ್‌ಗಳನ್ನು ಸೇರಿಸಿದರು. ಒಂದು, ನರವಾಹಕವನ್ನು, ಅಂದರೆ ನರಗಳ ಸಂದೇಶ ಒಯ್ಯುವ ರಾಸಾಯನಿಕವನ್ನು, ಹಿಡಿಯುವ ಗ್ರಾಹಕ. ಇನ್ನೊಂದು, ಕೋಶದೊಳಗೆ ಕ್ಯಾಲ್ಸಿಯಂ ಏರಿದೊಡನೆ ನೀಲಿ ಹೊಳಪು ತಗ್ಗಿ ಹಳದಿ ಹೆಚ್ಚುವ ಪ್ರೋಟೀನು. ಗ್ರಾಹಕಕ್ಕೆ ಅಣು ತಾಗಿದರೆ ಕ್ಯಾಲ್ಸಿಯಂ ಏರುತ್ತದೆ, ಬಣ್ಣ ಬದಲಾಗುತ್ತದೆ. ಈ ಕೋಶಗಳನ್ನು ಮಿದುಳಿನ ಹೊರಪದರದಲ್ಲಿ ನೆಟ್ಟು, ತಲೆಬುರುಡೆಯ ಕಿಟಕಿಯಿಂದ ಎರಡು-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಕ್ಕದಲ್ಲೇ ಗ್ರಾಹಕವಿಲ್ಲದ ಕೋಶಗಳನ್ನೂ ನೆಡುತ್ತಾರೆ. ಅವೂ ಬಣ್ಣ ಬದಲಿಸಿದರೆ ಸಂಕೇತ ಸುಳ್ಳೆಂದು ಗೊತ್ತಾಗುತ್ತದೆ. ಗ್ರಾಹಕ ಹೊತ್ತ ಕೋಶಗಳಿಗೆ 'ಸ್ನಿಫರ್' ಎಂದು ಹೆಸರು. ವಾಸನೆ ಹಿಡಿಯುವವು.

ಮೊದಲ ಸ್ನಿಫರ್‌ಗಳು ಹಿಡಿದದ್ದು ಲೊಯೆವಿಯ ಅಸಿಟೈಲ್‌ಕೋಲಿನ್ನನ್ನೇ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಔಷಧಗಳು ಆ ಪ್ರತಿಕ್ರಿಯೆಯನ್ನು ತಡೆಯುವುದು ಜೀವಂತ ಇಲಿಯ ಮಿದುಳಿನಲ್ಲಿಯೇ ಕಂಡಿತು.

2014ರ ಪ್ರಯೋಗ ಇನ್ನೂ ಸೊಗಸಾದದ್ದು. ಈ ಬಾರಿ ಡೋಪಮಿನ್‌ಗೆ ಒಂದು ಬಗೆಯ ಕೋಶ, ನಾರ್‌ಅಡ್ರಿನಲಿನ್‌ಗೆ ಮತ್ತೊಂದು. ಸುಂಡಿಲಿಗೆ ಒಂದು ಸ್ವರ ಕೇಳಿಸಿ, ತುಸು ಹೊತ್ತಿನ ಮೇಲೆ ಸಕ್ಕರೆ ನೀರಿನ ಹನಿ ಕೊಟ್ಟರು. ದಿನಗಳೆದಂತೆ ಇಲಿ ಸ್ವರ ಕೇಳುತ್ತಲೇ ನಾಲಿಗೆ ಚಾಚತೊಡಗಿತು. ಡೋಪಮಿನ್ ಬಿಡುಗಡೆಯ ಗಳಿಗೆಯೂ ಹಿಂದಕ್ಕೆ, ಸ್ವರದತ್ತ ಸರಿಯಿತು. ನಾರ್‌ಅಡ್ರಿನಲಿನ್‌ನಲ್ಲಿ ಅಂಥ ಶಿಸ್ತು ಕಾಣಲಿಲ್ಲ. ಅವಳಿಗಳ ದನಿ ಬೇರೆಬೇರೆಯಾಗಿ ಕೇಳಿಸಿತು. ಡೋಪಮಿನ್ ಎಂದರೆ ಸುಖದ ರಸ ಎಂದು ಮೊಬೈಲ್ ಗೀಳಿನ ಚರ್ಚೆಗಳಲ್ಲೆಲ್ಲ ಹೇಳುವವರು ಇದನ್ನು ಗಮನಿಸಬೇಕು: ಹನಿ ನಾಲಿಗೆಗೆ ತಾಗುವ ಮುನ್ನವೇ, ಬರಲಿದೆ ಎಂಬ ಸುಳಿವಿಗೇ ಅದು ಏರುತ್ತದೆ.

2018ರಿಂದ ಪೀಕಿಂಗ್ ವಿಶ್ವವಿದ್ಯಾಲಯದ ಯುಲಾಂಗ್ ಲಿ, ಅಮೆರಿಕದ ಲಿನ್ ಟಿಯಾನ್ ತಂಡಗಳು ಹೊಳೆಯುವ ಸಂವೇದಕವನ್ನು ನರಕೋಶದ ಮೈಗೇ ಸೇರಿಸುತ್ತಿವೆ. ವೇಗದಲ್ಲಿ ಅವು ಮುಂದು. ಹಾಗೆಂದು ಸ್ನಿಫರ್‌ಗಳ ಕಾಲ ಮುಗಿಯಿತೆಂದು ನನಗನ್ನಿಸುವುದಿಲ್ಲ. ನ್ಯಾನೊಮೋಲಾರ್ ಪ್ರಮಾಣವನ್ನೂ ಅವು ಹಿಡಿಯುತ್ತವೆ, ಸ್ಥಳೀಯ ನರಕೋಶದ ಜೀನ್‌ಗಳನ್ನು ಮುಟ್ಟುವುದೂ ಇಲ್ಲ. ಮಿತಿಗಳಿವೆ: ಪರಕೀಯ ಕೋಶಗಳನ್ನು ದೇಹ ಸುಮ್ಮನೆ ಸಹಿಸುವುದಿಲ್ಲ, ಬೆಳಕು ಮಿದುಳಿನ ಆಳಕ್ಕೆ ಇಳಿಯುವುದಿಲ್ಲ.

ಹಾಗಾಗಿ ಇದೆಲ್ಲ ಇಲಿಗಳ ತಲೆಯೊಳಗಿನ ಕೆಲಸ. ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ ಡೋಪಮಿನ್ ಕುಗ್ಗಿದೆಯೆಂದು ವೈದ್ಯರು ಇಂದಿಗೂ ಹೆಚ್ಚಾಗಿ ತಿಳಿಯುವುದು ಆತನ ನಡಿಗೆ ಮತ್ತು ಕೈನಡುಕವನ್ನು ನೋಡಿಯೇ.