ಸೌಂದರ್ಯವರ್ಧಕ ಸಾಮಗ್ರಿಗಳ ಬಾಳಿಕೆ ಮತ್ತು ಸಂರಕ್ಷಣೆ

ಸೌಂದರ್ಯವರ್ಧಕಗಳನ್ನು ಎಂದಿನವರೆಗೆ ಬಳಸಬಹುದೆಂಬುದನ್ನು ಅವುಗಳ ಲೇಬಲಿನ ಮೇಲೆ ತಿಂಗಳು ಮತ್ತು ವರ್ಷ ಸಹಿತ ನಮೂದಿಸುವುದು 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಕಡ್ಡಾಯ. ಆದರೆ ಈ ಅವಧಿಯು ಮುಚ್ಚಳ ತೆರೆಯದ, ಸರಿಯಾಗಿ ಇರಿಸಿದ ಡಬ್ಬಿಗೆ ಮಾತ್ರ ಅನ್ವಯಿಸುತ್ತದೆ. ಮುಚ್ಚಳ ತೆರೆದ ದಿನದಿಂದ ಬೇರೊಂದು ಲೆಕ್ಕ ಆರಂಭವಾಗುತ್ತದೆ. ಕೆಲವು ಡಬ್ಬಿಗಳ ಮೇಲೆ ತೆರೆದ ಭರಣಿಯ ಪುಟ್ಟ ಚಿತ್ರವೂ ಅದರೊಡನೆ ‘12 ಎಂ’ ಎಂಬ ಗುರುತೂ ಇರುತ್ತವೆ. ತೆರೆದ ಬಳಿಕ 12 ತಿಂಗಳೊಳಗೆ ಬಳಸಿ ಮುಗಿಸಬೇಕೆಂಬುದು ಇದರ ಅರ್ಥ.

ಈ ಸಾಮಗ್ರಿಗಳು ಕೆಡಲು ಮುಖ್ಯ ಕಾರಣಗಳು ಎರಡು: ನೀರು ಮತ್ತು ಗಾಳಿ. ನೀರಿನ ಅಂಶವಿರುವ ಕ್ರೀಮು, ಲೋಷನ್, ಪನ್ನೀರು, ಲೋಳೆಸರದ ತಿರುಳು ಮೊದಲಾದವುಗಳಲ್ಲಿ ಸೂಕ್ಷ್ಮಾಣುಗಳು ಬೇಗನೆ ಬೆಳೆಯುತ್ತವೆ. ಇದನ್ನು ತಡೆಯಲೆಂದೇ ತಯಾರಕರು ಸಂರಕ್ಷಕ ದ್ರವ್ಯಗಳನ್ನು ಸೇರಿಸುತ್ತಾರೆ. ಮನೆಯಲ್ಲಿ ತೆಗೆದ ಲೋಳೆಸರಕ್ಕೆ ಅಂತಹ ರಕ್ಷಣೆಯಿಲ್ಲ. ಅದನ್ನು ಅಂದಂದಿಗೆ ಬೇಕಾದಷ್ಟೇ ತೆಗೆದುಕೊಳ್ಳುವುದು ಲೇಸು. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಕೆಡುವುದಿಲ್ಲವೆಂದು ಭಾವಿಸುವುದು ಸರಿಯಲ್ಲ. ನೈಸರ್ಗಿಕವಾದುದೇ ಅನೇಕ ವೇಳೆ ಮೊದಲು ಕೆಡುತ್ತದೆ.

ಎಣ್ಣೆಗಳ ಸಂಗತಿ ಬೇರೆ. ಅವುಗಳಲ್ಲಿ ನೀರಿಲ್ಲದಿರುವುದರಿಂದ ಸೂಕ್ಷ್ಮಾಣುಗಳ ಭಯ ಕಡಿಮೆ. ಆದರೆ ಗಾಳಿಯ ಆಮ್ಲಜನಕ, ಬೆಳಕು ಮತ್ತು ಶಾಖದಿಂದ ಅವು ಕಮಟಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಸಂತೃಪ್ತ ಕೊಬ್ಬಿನ ಪ್ರಮಾಣ ಹೆಚ್ಚಾಗಿರುವುದರಿಂದ ಅದು ದೀರ್ಘಕಾಲ ಬಾಳುತ್ತದೆ. ಬಾದಾಮಿ ಎಣ್ಣೆ ಅಷ್ಟು ಕಾಲ ನಿಲ್ಲದು. ದೆಹಲಿಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಡ್ಡೆಕಟ್ಟಿದರೆ ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದು ಅದರ ಸಹಜ ಗುಣ. ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ಒಲೆಯ ಮೇಲೆ ಇಡಬಾರದು.

ಕಡಲೆಹಿಟ್ಟು, ಸೀಗೆಪುಡಿ, ಮುಲ್ತಾನಿ ಮಣ್ಣು ಇವು ಒಣಗಿರುವವರೆಗೆ ಸುರಕ್ಷಿತ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಮಳೆಗಾಲದ ತೇವವೇ ಇವುಗಳ ಶತ್ರು. ಬಿಗಿಮುಚ್ಚಳದ ಡಬ್ಬಿ ಮತ್ತು ಒಣ ಚಮಚ ಅವಶ್ಯಕ. ಮದರಂಗಿ ಪುಡಿಯು ಬೆಳಕು, ತೇವ ತಗುಲಿದರೆ ಬಣ್ಣ ಬಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಮ್ಮೆ ನೀರಿನಲ್ಲಿ ಕಲಸಿದ ಲೇಪವನ್ನು ಮರುವಾರಕ್ಕೆಂದು ಉಳಿಸತಕ್ಕದ್ದಲ್ಲ.

ಸ್ನಾನದ ಮನೆಯ ಗೂಡು, ಬಿಸಿಲು ಬೀಳುವ ಕಿಟಕಿ, ನಿಂತ ಕಾರಿನ ಒಳಭಾಗ ಇವು ಯಾವ ಸಾಮಗ್ರಿಗೂ ತಕ್ಕ ಸ್ಥಳಗಳಲ್ಲ. ತಂಪಾದ, ಒಣಗಿದ, ಕತ್ತಲಿರುವ ಕಪಾಟು ಸಾಕು. ಎಲ್ಲವನ್ನೂ ರೆಫ್ರಿಜರೇಟರಿನಲ್ಲಿಡುವ ಅವಶ್ಯಕತೆಯಿಲ್ಲ. ಅತಿಶೀತದಲ್ಲಿ ಕೆಲವು ಕ್ರೀಮುಗಳ ನೀರು ಮತ್ತು ಎಣ್ಣೆ ಬೇರ್ಪಡುತ್ತವೆ.

ಅತಿ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಕಾಡಿಗೆ, ಮಸ್ಕಾರಗಳಂತಹ ಕಣ್ಣಿನ ಸಾಮಗ್ರಿಗಳ ವಿಷಯದಲ್ಲಿ. ಪ್ರತಿಸಲವೂ ಬೆರಳು, ಕಡ್ಡಿ ಅಥವಾ ಕುಂಚದ ಮೂಲಕ ಸೂಕ್ಷ್ಮಾಣುಗಳು ಡಬ್ಬಿಯೊಳಗೆ ಸೇರುತ್ತವೆ. ಇವುಗಳಿಂದ ಕಣ್ಣಿನ ಕರಿಗುಡ್ಡೆಯ ಪಾರದರ್ಶಕ ಪದರಕ್ಕೆ ಸೋಂಕು ತಗುಲಿದರೆ ದೃಷ್ಟಿಗೇ ಹಾನಿಯಾಗಬಹುದು. ತೆರೆದ ಮಸ್ಕಾರವನ್ನು ಮೂರು ತಿಂಗಳ ನಂತರ ಬಿಸಾಡುವಂತೆ ಸಾಮಾನ್ಯವಾಗಿ ಸಲಹೆ ನೀಡಲಾಗುತ್ತದೆ. ಗಟ್ಟಿಯಾಯಿತೆಂದು ಅದಕ್ಕೆ ನೀರನ್ನಾಗಲಿ ಎಂಜಲನ್ನಾಗಲಿ ಬೆರೆಸಲೇಬಾರದು. ಒಂದೇ ಕಾಡಿಗೆ ಡಬ್ಬಿಯನ್ನು ಅಕ್ಕತಂಗಿಯರೆಲ್ಲ ಬಳಸುವ ಪದ್ಧತಿ ಎಷ್ಟೇ ಆತ್ಮೀಯವಾದರೂ ಒಬ್ಬರ ಕಣ್ಣಿನ ಸೋಂಕು ಮನೆಮಂದಿಗೆಲ್ಲ ಹರಡಲು ದಾರಿಯಾಗುತ್ತದೆ.

ವಾಸನೆ, ಬಣ್ಣ ಬದಲಾದ, ಬೂಸು ಕಂಡುಬಂದ ಸಾಮಗ್ರಿಯನ್ನು ಅವಧಿ ಉಳಿದಿದ್ದರೂ ಬಳಸಬಾರದು. ಉರಿ, ತುರಿಕೆ ಅಥವಾ ಕಣ್ಣು ಕೆಂಪಾಗುವುದು ಕಾಣಿಸಿದರೆ ತಣ್ಣೀರಿನಿಂದ ತೊಳೆದು, ವೈದ್ಯರ ಬಳಿಗೆ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯುವುದು ಉಪಯುಕ್ತ. ಘಟಕಗಳ ವಿವರವೂ ಬ್ಯಾಚ್ ಸಂಖ್ಯೆಯೂ ಅದರ ಮೇಲೆಯೇ ಇರುತ್ತವೆ.