ಹತ್ತಿ ಬಿಡಿಸುವ ಕೈಯ ಫಲವೂ ಅದರ ಕೂಲಿಯೂ

ಆಳುಗಳ ಕೂಲಿಯು ವರ್ಷವರ್ಷಕ್ಕೂ ಏರುತ್ತಲಿದೆ, ಅವರು ಮಾಡುವ ಕೆಲಸವು ಮಾತ್ರ ಏರುತ್ತಿಲ್ಲವೆಂಬ ಆಕ್ಷೇಪಣೆಯು ಜಮೀನುದಾರರಲ್ಲಿ ಸಾಮಾನ್ಯವಾಗಿರುವುದು. ದಿನವೆಲ್ಲ ಬೆನ್ನು ಬಗ್ಗಿಸಿದರೂ ಸಂಜೆಗೆ ಕೈಸೇರುವ ಹಣವು ಸಂತೆಗೆ ಸಾಲದೆಂಬ ಆಕ್ಷೇಪಣೆಯು ಆಳುಗಳಲ್ಲಿಯೂ ಉಂಟು. ಈ ಎರಡು ಮಾತುಗಳೂ ಒಂದೇ ಹೊಲದಲ್ಲಿ ಹುಟ್ಟಿದವು. ಇವುಗಳಲ್ಲಿ ಯಾವುದು ನಿಜವೆಂದು ವಾದಿಸುವುದಕ್ಕಿಂತ, ಕೆಲಸವನ್ನೂ ಕೂಲಿಯನ್ನೂ ತೂಗುವ ನಮ್ಮ ಅಳತೆಯೇ ಸರಿಯಾಗಿದೆಯೇ ಎಂದು ವಿಚಾರಿಸುವುದು ಲೇಸು. ಈ ವಿಚಾರಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ ತಾಲೂಕಿನ ಪಾಮನಕಲ್ಲೂರಿನ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ಈ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದ ನಾಡು. ಹತ್ತಿ, ತೊಗರಿ, ಸಜ್ಜೆ, ಜೋಳಗಳು ಇಲ್ಲಿಯ ಬೆಳೆಗಳು. ನೆರೆಯ ಸಿಂಧನೂರು ತಾಲೂಕಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ನೀರು ದೊರೆತು ಅಲ್ಲಿ ಭತ್ತವು ಬೆಳೆಯುತ್ತಿರುವುದು. ನಾರಾಯಣಪುರ ಬಲದಂಡೆಯ 5ಎ ಕಾಲುವೆಯನ್ನು ತಮ್ಮ ಸೀಮೆಗೂ ತರಬೇಕೆಂದು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಹೂಡಿದ್ದು ವಾಚಕರಿಗೆ ತಿಳಿದ ವಿಷಯವೇ. ನೀರಿಗಾಗಿ ನಡೆದ ಆ ಹೋರಾಟವು ದುಡಿಮೆಗಾಗಿಯೂ ನಡೆದ ಹೋರಾಟವೆನ್ನಬಹುದು. ಏಕೆಂದರೆ, ಪಾಮನಕಲ್ಲೂರಿನ ಹೆಣ್ಣಾಳು ಸಿಂಧನೂರಿನ ಗದ್ದೆಗೆ ನಾಟಿಗೆ ಹೋದರೆ ಅವಳ ದಿನದ ದುಡಿಮೆಯಿಂದ ಹುಟ್ಟುವ ಫಸಲು ಹೆಚ್ಚು. ತನ್ನೂರಿನ ಒಣಹೊಲದಲ್ಲಿ ದುಡಿದರೆ ಕಡಿಮೆ. ಕೈಯು ಅದೇ, ಶ್ರಮವೂ ಅದೇ. ಬದಲಾದದ್ದು ನೀರು ಮಾತ್ರ.

ಇದರಿಂದ ಮೊದಲು ತಿಳಿಯತಕ್ಕ ತತ್ತ್ವವೇನೆಂದರೆ, ದುಡಿಮೆಯ ಫಲವೆಂಬುದು ಆಳಿನ ಕೈಯೊಂದರಿಂದಲೇ ಆಗತಕ್ಕದ್ದಲ್ಲ. ಭೂಮಿ, ನೀರು, ಬೀಜ, ಉಪಕರಣ, ಕಾಲ ಇವೆಲ್ಲವೂ ಅದರಲ್ಲಿ ಸೇರಿರುವುವು. 2023-24ನೆಯ ಸಾಲಿನ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ಭಾರತದ ದುಡಿಯುವ ಜನರಲ್ಲಿ ನೂರಕ್ಕೆ ಸುಮಾರು 46 ಮಂದಿ ವ್ಯವಸಾಯದಲ್ಲಿದ್ದರು. ದೇಶದ ಒಟ್ಟು ಉತ್ಪನ್ನದ ಮೌಲ್ಯದಲ್ಲಿ ವ್ಯವಸಾಯ ಮತ್ತು ಅದರ ಸಂಗಡದ ಕಸಬುಗಳ ಪಾಲು ನೂರಕ್ಕೆ ಸುಮಾರು 18 ಮಾತ್ರ. ಹೊಲದಲ್ಲಿ ದುಡಿಯುವವನು ಸೋಮಾರಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಬಹು ಕೈಗಳು ಅಲ್ಪ ನೀರನ್ನೂ ಅಲ್ಪ ಬಂಡವಾಳವನ್ನೂ ಹಂಚಿಕೊಂಡಿವೆಯೆಂದು ಸಿದ್ಧವಾಗುವುದು.

ಇನ್ನು ಎರಡನೆಯ ತತ್ತ್ವವು, ಫಲವು ಹೆಚ್ಚಿದ ಮಾತ್ರಕ್ಕೆ ಕೂಲಿಯು ತಾನಾಗಿಯೇ ಹೆಚ್ಚುವುದಿಲ್ಲವೆಂಬುದು. ಸಿರಿವಂತ ದೇಶಗಳ ಅನುಭವವೂ ಇದೇ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಎರಡನೆಯ ಮಹಾಯುದ್ಧವಾದ ಬಳಿಕ 1970ರ ದಶಕದ ಆರಂಭದವರೆಗೆ ಕೆಲಸಗಾರನ ಉತ್ಪನ್ನವೂ ವೇತನವೂ ಜೋಡೆತ್ತುಗಳಂತೆ ಸಮಸಮನಾಗಿ ನಡೆದುವು. ತರುವಾಯ ಉತ್ಪನ್ನವು ಮುಂದೆ ಸಾಗಿತು, ಸಾಮಾನ್ಯ ಕೆಲಸಗಾರನ ವೇತನವು ಹಿಂದೆ ಉಳಿಯಿತು. ಈ ಅಂತರದ ಪ್ರಮಾಣವನ್ನೂ ಕಾರಣಗಳನ್ನೂ ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳುಂಟು. ಕೂಲಿಯನ್ನು ನಿಗದಿಮಾಡುವ ಪದ್ಧತಿಯೂ ಒಂದು ಮುಖ್ಯ ಕಾರಣವೆಂಬುದನ್ನು ನಮ್ಮ ಹತ್ತಿಯ ಹೊಲದಲ್ಲಿಯೇ ನೋಡಬಹುದು.

ಹತ್ತಿ ಬಿಡಿಸುವ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ರೂಢಿಯು ವ್ಯಾಪಕವಾಗಿರುವುದು. ಲೆಕ್ಕಕ್ಕೆ ಅನುಕೂಲವಾಗುವಂತೆ ಕಿಲೋವಿಗೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲ ಸಲ ಬಿಡಿಸುವಾಗ ಕಾಯಿಗಳು ಒಟ್ಟಿಗೆ ಒಡೆದು ಹೊಲವು ಬೆಳ್ಳಗಿರುವುದು. ಒಬ್ಬ ಹೆಣ್ಣಾಳು ದಿನಕ್ಕೆ 40 ಕಿಲೋ ಬಿಡಿಸಿದಳೆಂದರೆ ಅವಳಿಗೆ 400 ರೂಪಾಯಿ ದೊರೆಯುವುದು. ಕೊನೆಯ ಸಲಕ್ಕೆ ಕಾಯಿಗಳು ವಿರಳವಾಗಿ, ಅದೇ ಹೆಣ್ಣಾಳು ಅಷ್ಟೇ ಹೊತ್ತು ದುಡಿದು 15 ಕಿಲೋ ಬಿಡಿಸಿದಳೆಂದರೆ 150 ರೂಪಾಯಿ ಮಾತ್ರ. 2025-26ನೆಯ ಸಾಲಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಲಿಗೆ 8,110 ರೂಪಾಯಿ. ಆ ಬೆಲೆಯಂತೆ 40 ಕಿಲೋವಿನ ಮೌಲ್ಯವು 3,244 ರೂಪಾಯಿ, 15 ಕಿಲೋವಿನ ಮೌಲ್ಯವು ಸುಮಾರು 1,216 ರೂಪಾಯಿ. ಎರಡು ಸಂದರ್ಭಗಳಲ್ಲಿಯೂ ಆಳಿನ ಪಾಲು ಸುಮಾರು ಎಂಟರಲ್ಲೊಂದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುವುದು.

ಆದರೆ 2025-26ನೆಯ ಸಾಲಿನಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿಯು 370 ರೂಪಾಯಿ. 150 ರೂಪಾಯಿಗೆ ಆಳು ಬಾರದಿದ್ದರೆ ಅವಳನ್ನು ದೂಷಿಸುವುದು ಹೇಗೆ? ಆಳು ಬಾರದ ಹೊಲದಲ್ಲಿ ಕೊನೆಯ ಕಾಯಿಗಳು ಗಿಡದಲ್ಲಿಯೇ ಉಳಿಯುವುವು. ಗುಲಾಬಿ ಕಾಯಿಕೊರಕದ ಹುಳುವು ಅವುಗಳಲ್ಲಿ ಅಡಗಿ ಮರುವರ್ಷದ ಬೆಳೆಗೆ ಮುತ್ತುವುದು. ಹೀಗೆ ಕೂಲಿಯಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನದನ್ನು ಹುಳುವು ತಿಂದುಹಾಕುವುದು.

ಇದೇ ದಿನಕ್ಕೆ ಜಮೀನುದಾರನು 370 ರೂಪಾಯಿ ದಿನಗೂಲಿ ಕೊಟ್ಟನೆನ್ನೋಣ. ಕೊನೆಯ ಹತ್ತಿಯು ಕಳಪೆಯಾಗಿ ಅರ್ಧ ಬೆಲೆಗೇ ಮಾರಿತೆಂದರೂ 15 ಕಿಲೋವಿಗೆ 608 ರೂಪಾಯಿ ಬರುವುದು. ಬಿತ್ತನೆ, ಗೊಬ್ಬರ, ಔಷಧಗಳ ವೆಚ್ಚವು ಆಗಲೇ ಮುಗಿದಿರುವುದರಿಂದ, ಕೂಲಿಯನ್ನು ಕಳೆದು ಉಳಿಯುವ 238 ರೂಪಾಯಿಯಲ್ಲಿ ಸಾಗಣೆಯ ಖರ್ಚನ್ನು ತೆಗೆದರೆ ಮಿಕ್ಕದ್ದೆಲ್ಲವೂ ಲಾಭವೇ. ಹೊಲವೂ ಶುದ್ಧವಾಗುವುದು. ಉದ್ಯೋಗ ಖಾತರಿಯ ಮಣ್ಣಿನ ಕೆಲಸದಲ್ಲಿ ಗಟ್ಟಿ ನೆಲಕ್ಕೆ ಒಂದು ದರ, ಮೃದು ನೆಲಕ್ಕೆ ಇನ್ನೊಂದು ದರವೆಂಬ ಪದ್ಧತಿಯಿತ್ತು. ನೆಲವು ಗಟ್ಟಿಯಾಗಿರುವುದು ಅಗೆಯುವವನ ತಪ್ಪಲ್ಲವೆಂಬುದೇ ಅದರ ಆಧಾರ. ಹತ್ತಿಯ ಕಾಯಿ ವಿರಳವಾಗಿರುವುದೂ ಬಿಡಿಸುವವಳ ತಪ್ಪಲ್ಲ.

ತೂಕದ ಕೂಲಿಯಲ್ಲಿ ಇನ್ನೊಂದು ದೋಷವಿರುವುದು. ಕೈಚಳಕವಲ್ಲದೆ, ಹತ್ತಿಯ ಶುಚಿತ್ವವೂ ಬಹುಮಟ್ಟಿಗೆ ಆಳಿನ ಸ್ವಾಧೀನದಲ್ಲಿರುವ ಗುಣವು. ಎಲೆಯ ಚೂರು ಬೆರೆಯದಂತೆ, ಹುಳು ತಿಂದ ತೊಳೆಯು ಕೂಡದಂತೆ ಬಿಡಿಸಿದರೆ ಬೆಲೆಯು ಹೆಚ್ಚುವುದು. ಆದರೆ ನಾವು ಅದಕ್ಕೆ ಬಿಡಿಗಾಸನ್ನೂ ಕೊಡದೆ ತೂಕಕ್ಕೆ ಮಾತ್ರ ಕೊಡುತ್ತೇವೆ. ಆದಕಾರಣ ಇಬ್ಬನಿ ಆರುವ ಮೊದಲೇ ಬಿಡಿಸಿದ ಹಸಿಹತ್ತಿಯು ತಕ್ಕಡಿಯಲ್ಲಿ ಆಳಿಗೆ ಲಾಭವನ್ನೂ, ಮಾರುಕಟ್ಟೆಯಲ್ಲಿ ಒಡೆಯನಿಗೆ ನಷ್ಟವನ್ನೂ ತರುವುದು. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶವು ನೂರಕ್ಕೆ 8ನ್ನು ಮೀರಿದರೆ ಪ್ರಮಾಣಾನುಸಾರ ಬೆಲೆ ಕಡಿಮೆಯಾಗುವುದು; 12ನ್ನು ಮೀರಿದರೆ ಹತ್ತಿಯನ್ನು ಕೊಳ್ಳುವುದೇ ಇಲ್ಲ. 12ರ ತೇವಕ್ಕೆ ಕ್ವಿಂಟಲಿಗೆ ಆಗುವ ನಷ್ಟವು ಸುಮಾರು 324 ರೂಪಾಯಿ. ಒಣಗಿದ ಶುದ್ಧ ಹತ್ತಿಗೆ ಕಿಲೋವಿಗೆ 1 ರೂಪಾಯಿ ಹೆಚ್ಚು ಕೊಟ್ಟರೆ ಕ್ವಿಂಟಲಿಗೆ ತಗಲುವುದು 100 ರೂಪಾಯಿ ಮಾತ್ರ. ಯಾವುದು ಅಗ್ಗವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಕಳೆ ತೆಗೆಯುವ ಕೆಲಸದಲ್ಲಿಯಾದರೋ ಫಲವು ತಕ್ಕಡಿಗೆ ಸಿಕ್ಕುವುದೇ ಇಲ್ಲ. ಬಿತ್ತಿದ ಮೊದಲ 60 ದಿನಗಳಲ್ಲಿ ಕಳೆಯು ಹತ್ತಿಯ ಆಹಾರವನ್ನೂ ತೇವವನ್ನೂ ಹೀರಿದರೆ ಮುಂದೆ ಎಷ್ಟು ಗೊಬ್ಬರ ಹಾಕಿದರೂ ಆ ನಷ್ಟವು ತುಂಬಿಬಾರದು. ಈ ನಷ್ಟವನ್ನು ತಪ್ಪಿಸುವ ಕೈಗಳು ಹೆಚ್ಚಾಗಿ ಹೆಂಗಸರವು. ಆದರೂ ಹೆಣ್ಣಾಳಿನ ಕೂಲಿಯು ಗಂಡಾಳಿನದಕ್ಕಿಂತ ಕಡಿಮೆಯಿರುವ ರೂಢಿಯು ಅನೇಕ ಊರುಗಳಲ್ಲಿ ಉಳಿದಿರುವುದು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಒಂದೇ ಕೂಲಿ ಕೊಡತಕ್ಕದ್ದೆಂದು 1976ರ ಸಮಾನ ವೇತನ ಕಾಯಿದೆಯು ವಿಧಿಸಿತು. 2019ರ ವೇತನ ಸಂಹಿತೆಯೂ ಅದನ್ನೇ ವಿಧಿಸಿರುವುದು.

ಜಮೀನುದಾರರ ಕಷ್ಟವನ್ನೂ ಮರೆಯುವಂತಿಲ್ಲ. ಹತ್ತಿಯ ಖರ್ಚಿನಲ್ಲಿ ಆಳಿನ ಕೂಲಿಯದೇ ದೊಡ್ಡ ಪಾಲು. ಮಳೆ ಕೈಕೊಟ್ಟ ವರ್ಷ ಕೂಲಿ ಕೊಡಲು ಸಾಲ ಮಾಡುವ ಸಣ್ಣ ಒಕ್ಕಲಿಗರೂ ಬಹಳ ಮಂದಿ. ಇವರು ಕೂಲಿಯ ದರವನ್ನು ಏರಿಸಲಾರದಿದ್ದರೂ ಕೂಲಿಯಿಂದ ಬರುವ ಫಲವನ್ನು ಏರಿಸಬಲ್ಲರು. ಕೂರಿಗೆಯಿಂದ ಸಾಲುಹಿಡಿದು ಬಿತ್ತಿ ಸಕಾಲದಲ್ಲಿ ಎಡೆ ಹೊಡೆದರೆ ಕೈಗಳೆಗೆ ಉಳಿಯುವ ಕಸವು ಬಹಳ ಕಡಿಮೆಯಾಗುವುದು. ಹೊಲದಲ್ಲಿ ಕುಡಿಯುವ ನೀರೂ ನೆರಳೂ ಇದ್ದರೆ ಮಧ್ಯಾಹ್ನದ ಕೆಲಸವು ಸಡಿಲವಾಗದು.

ಹೀಗಿರುವಲ್ಲಿ ಊರಿನ ಗೌಡರೂ ಪ್ರಮುಖರೂ ಕೈಕೊಳ್ಳತಕ್ಕ ಕ್ರಮಗಳಾವುವೆಂದರೆ: ಮೊದಲನೆಯದು, ಹಂಗಾಮಿಗೆ ಮುಂಚೆ ಜಮೀನುದಾರರನ್ನೂ ಆಳುಗಳನ್ನೂ ಕೂಡಿಸಿ, ಮೊದಲ ಸಲ ಬಿಡಿಸುವುದಕ್ಕೆ ಕಿಲೋ ದರವನ್ನೂ ಕೊನೆಯ ಸಲಕ್ಕೆ ದಿನಗೂಲಿಯನ್ನೂ ಮಾತಾಡಿಕೊಳ್ಳುವುದು. ಎರಡನೆಯದು, ಶುದ್ಧ ಹತ್ತಿಗೆ ಹೆಚ್ಚಿನ ದರವನ್ನು ಸೇರಿಸಿ, ಇಬ್ಬನಿ ಆರಿದ ಮೇಲೆಯೇ ಕೆಲಸಕ್ಕೆ ಹಚ್ಚುವುದು. ಮೂರನೆಯದು, ತಕ್ಕಡಿಯನ್ನು ಆಳುಗಳ ಕಣ್ಣೆದುರಿಗೆ ಹಿಡಿದು, ತೂಕವನ್ನು ಬರೆದುಕೊಟ್ಟು, ಹಣವನ್ನು ವಾರ ಮೀರದಂತೆ ಸಲ್ಲಿಸುವುದು. ನಾಲ್ಕನೆಯದು, ಸಮಾನ ಕೆಲಸಕ್ಕೆ ಸಮಾನ ಕೂಲಿ.

ಇದನ್ನು ಆಳುಗಳ ಮೇಲಿನ ಉಪಕಾರವೆಂದು ಯಾರೂ ಭಾವಿಸಬಾರದು. ಊರಿನಲ್ಲಿ ಕೂಲಿ ಗಿಟ್ಟದಾಗ ಜನರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಈ ಸೀಮೆಯ ಹಳೆಯ ಸಂಕಟ. ಗುಳೆ ಹೋದ ಮನೆಯ ಬಾಗಿಲಿಗೆ ಬೀಗ ಬೀಳುವುದು. ಮಕ್ಕಳ ಶಾಲೆಯೂ ತಪ್ಪುವುದು. ಹತ್ತಿ ಒಡೆದಾಗ ಆಳಿಲ್ಲವೆಂದು ಒಡೆಯನು ಊರೂರು ಅಲೆಯುವನು. ಆಗ ಅವನು ಕೊಡಲೊಪ್ಪುವ ಕೂಲಿಯಲ್ಲಿ ಸ್ವಲ್ಪವನ್ನು ಮುಂಚೆಯೇ ಕ್ರಮವಾಗಿ ಕೊಟ್ಟಿದ್ದರೆ ಆ ಕೈಗಳು ಊರಿನಲ್ಲಿಯೇ ಇರುತ್ತಿದ್ದುವು. ಬರುವ ಹಂಗಾಮಿನಲ್ಲಿ ಒಂದೆರಡು ಹೊಲಗಳಲ್ಲಿಯಾದರೂ ಈ ರೀತಿಯನ್ನು ಪರೀಕ್ಷಿಸಿ, ತೂಕ, ಕೂಲಿ, ಮಾರಿದ ಬೆಲೆ ಈ ಮೂರನ್ನೂ ಒಂದು ವಹಿಯಲ್ಲಿ ಬರೆದಿಟ್ಟು ನೋಡಬೇಕೆಂದು ಜಮೀನುದಾರರಲ್ಲಿ ವಿಜ್ಞಾಪನೆ.