ರೈಡರ್ ಹೊಗಳುವ ಮುನ್ನ ಕಾರ್ನರ್ ನೋಡಿ

ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಹೊತ್ತಿಗೇ ಮಾತು ಶುರುವಾಗಿರುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ಕಾಲೇಜಿಗೂ ಕುಣಿಗಲ್ ಕಡೆಯ ಕಾಲೇಜಿಗೂ ಕಬಡ್ಡಿ ಪಂದ್ಯ ಬಿತ್ತೆಂದರೆ ಎರಡೂ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಮೈದಾನದ ಅಂಚಿಗೆ ಬಂದು ಕೂರುತ್ತಾರೆ. ‘ನಮ್ಮ ರೈಡರ್ ಹೋದ್ರೆ ಬರಿಗೈಲಿ ವಾಪಸ್ ಬರಲ್ಲ ಕಣ್ಲಾ’ ಎಂದು ಒಬ್ಬ ಹೇಳುತ್ತಾನೆ. ‘ಅವ್ರ ಲೆಫ್ಟ್ ಕಾರ್ನರ್ ನೋಡಿದೀಯಾ? ಕಾಲು ಸಿಕ್ರೆ ಬಿಡಲ್ಲ’ ಎಂದು ಇನ್ನೊಬ್ಬ ತಡೆಯುತ್ತಾನೆ. ಪಂದ್ಯದ ದಿಕ್ಕನ್ನು ಅಳೆಯಬೇಕಾದವರು ಈ ಎರಡನೆಯವನ ಮಾತನ್ನು ಹೆಚ್ಚು ಗಮನವಿಟ್ಟು ಕೇಳಬೇಕು.

2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾದ ತುಮಕೂರು ವಿಶ್ವವಿದ್ಯಾಲಯಕ್ಕೆ ಜಿಲ್ಲೆಯ ಕಾಲೇಜುಗಳು ಸೇರಿವೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಕಣ್ಣಿಗೆ ಬಿದ್ದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುತ್ತದೆ. ಹಾಗಾಗಿ ತಾಲ್ಲೂಕು ಕೇಂದ್ರದ ಒಂದು ಪಂದ್ಯವೂ ಆಟಗಾರನ ಪಾಲಿಗೆ ದೊಡ್ಡದೇ. ಜೊತೆಗೆ ದಸರಾ ಕ್ರೀಡಾಕೂಟ, ಊರಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗಳಿವೆ. ಅಲ್ಲೆಲ್ಲ ಆಡಿದ ಮುಖಗಳೇ ಕಾಲೇಜು ಅಂಕಣದಲ್ಲೂ ಎದುರಾಗುವುದರಿಂದ ಯಾರ ಬಲ ಎಲ್ಲಿದೆ, ಯಾರ ಮಂಡಿ ನೋಯುತ್ತಿದೆ ಎಂಬುದು ನೋಡುಗರಿಗೆ ಮೊದಲೇ ಗೊತ್ತಿರುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಇಂಥದೇ ಚರ್ಚೆ ವಾರವಿಡೀ ನಡೆಯುತ್ತದೆ. ಅಲ್ಲಿ ದಾಳಿಗೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ಅಭಿಮಾನಿಗಳು ಒಂದು ತಂಡದ ದಾಳಿಯನ್ನು ಎದುರು ತಂಡದ ರಕ್ಷಣೆಯ ಪಕ್ಕದಲ್ಲಿಟ್ಟು ತೂಗುತ್ತಾರೆ. ಕಬಡ್ಡಿಯಲ್ಲಿ ಈ ಲೆಕ್ಕ ಇನ್ನೂ ಸಿಕ್ಕು. ಅಂಕಣದಲ್ಲಿರುವುದು ಏಳೇ ಮಂದಿ. ಅರ್ಧ ನಿಮಿಷದ ಹಿಂದೆ ದಾಳಿಗೆ ಹೋಗಿ ಬಂದವನೇ ಈಗ ಸರಪಳಿಯಲ್ಲಿ ಕೈ ಹಿಡಿದು ನಿಲ್ಲಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಹೋಲಿಕೆ ಬೇರೆ. ‘ನಿಮ್ಮ ರೈಡರ್ ದೊಡ್ಡವನಾ, ನಮ್ಮವನಾ’ ಎಂದು ರೈಡರಿಗೆ ರೈಡರನ್ನು ತೂಗುತ್ತಾರೆ. ಆದರೆ ಈ ಇಬ್ಬರು ಎದುರೆದುರು ದಾಳಿಯಲ್ಲಿ ಸಿಗುವುದೇ ಇಲ್ಲ. ಒಬ್ಬ ರೈಡರನ ಬೆಲೆ ತಿಳಿಯುವುದು ಆವತ್ತು ಅವನೆದುರು ಮೂಲೆಯಲ್ಲಿ ನಿಂತ ಕಾರ್ನರ್ ಮತ್ತು ಆ ಕಾರ್ನರಿಗೆ ಒತ್ತಾಸೆಯಾಗಿ ನಿಂತ ಕವರ್‌ಗಳಿಂದ. ಅಂಕಣದ ಬಲಗಡೆಯಿಂದ ನುಗ್ಗುವವನಿಗೆ ಮೊದಲು ಸಿಗುವುದು ಎದುರು ತಂಡದ ಲೆಫ್ಟ್ ಕಾರ್ನರ್. ಅದೇ ಜಾಗದಲ್ಲಿ ಗಟ್ಟಿ ಹುಡುಗ ನಿಂತಿದ್ದರೆ ಹಿಂದಿನ ಪಂದ್ಯದಲ್ಲಿ ಹದಿನೈದು ಪಾಯಿಂಟ್ ತಂದವನೂ ಐದಕ್ಕೆ ನಿಲ್ಲಬಹುದು.

ಒಂದು ಹಿಡಿತವನ್ನು ಹತ್ತಿರದಿಂದ ನೋಡಿ. ರೈಡರನ ಕೈಯಲ್ಲಿರುವುದು 30 ಸೆಕೆಂಡು. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್ ಇದೆ, ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್. ಎದುರು ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ. ಅದಕ್ಕಾಗಿ ರೈಡರ್ ಮುಂದಿನ ಕಾಲನ್ನು ಗೆರೆಯಾಚೆ ಊರಿ ಹಿಂದಿನ ಕಾಲನ್ನು ನೆಲದಿಂದ ಎತ್ತಬೇಕು. ಆ ಒಂದು ಕ್ಷಣ ಅವನ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದಿರುತ್ತದೆ. ಒಳ್ಳೆಯ ಕಾರ್ನರ್ ಕಾಯುವುದು ಅದಕ್ಕೇ. ಅಲ್ಲಿಯವರೆಗೆ ಹೆದರಿದವನಂತೆ ಹಿಂದೆ ಹಿಂದೆ ಸರಿಯುತ್ತಾನೆ, ಕಣ್ಣನ್ನು ಮಾತ್ರ ರೈಡರನ ಪಾದದ ಮೇಲೆ ನೆಟ್ಟಿರುತ್ತಾನೆ. ಕಾಲು ಊರಿದ್ದೇ ತಡ ಮುಂದಕ್ಕೆ ಬಿದ್ದು ಎರಡೂ ಕೈಯಲ್ಲಿ ಗಿಣ್ಣು ಹಿಡಿಯುತ್ತಾನೆ. ಅಷ್ಟೊತ್ತಿಗೆ ಕವರ್ ಬಂದು ಎದೆಗೊಟ್ಟು ತಡೆಯದಿದ್ದರೆ ರೈಡರ್ ಅವನನ್ನು ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಕಾರ್ನರ್ ಮತ್ತು ಕವರ್ ನಡುವಿನ ಈ ಹೊಂದಾಣಿಕೆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಆಡಿದ ಒಂದೇ ಊರಿನ ಹುಡುಗರು ದೊಡ್ಡ ಹೆಸರಿನ ತಂಡವನ್ನು ಮಣಿಸುವುದು ಬಹುಪಾಲು ಈ ಬಲದಿಂದಲೇ.

ರಕ್ಷಣೆಗೆ ಇನ್ನೊಂದು ಕೆಲಸವಿದೆ, ಅದನ್ನು ನೋಡುಗರು ಮರೆಯುತ್ತಾರೆ. ಔಟಾದ ರೈಡರ್ ತಾನಾಗಿ ಒಳಗೆ ಬರುವಂತಿಲ್ಲ. ಎದುರು ತಂಡದವನೊಬ್ಬ ಔಟಾದರೆ ಮಾತ್ರ ಇವರಲ್ಲೊಬ್ಬನಿಗೆ ಜೀವ ಬರುತ್ತದೆ. ಬೋನಸ್ ಪಾಯಿಂಟ್ ಎಷ್ಟು ತಂದರೂ ಯಾರೂ ಒಳಗೆ ಬರುವುದಿಲ್ಲ. ಅಂದರೆ ತಂಡದ ಮುಖ್ಯ ರೈಡರನ್ನು ಬೆಂಚಿನಿಂದ ಎಬ್ಬಿಸಿ ಅಂಕಣಕ್ಕೆ ತರುವವನು ಎಷ್ಟೋ ಸಲ ಮೂಲೆಯಲ್ಲಿ ನಿಂತ ಕ್ಯಾಚರ್. ರಕ್ಷಣೆ ಸೋತ ತಂಡದ ದೊಡ್ಡ ರೈಡರ್ ಹೊರಗೆ ಕೂತು ನೋಡುತ್ತಲೇ ಇರಬೇಕಾಗುತ್ತದೆ. ಅಷ್ಟರಲ್ಲಿ ಇಡೀ ತಂಡ ಔಟಾಗಿ, ಲೋನಾ ಬಿದ್ದು ಎದುರಿನವರಿಗೆ ಇನ್ನೆರಡು ಪಾಯಿಂಟ್ ಹೋಗಿರುತ್ತದೆ.

ಅಂಕಣದಲ್ಲಿ ಮೂವರೇ ಉಳಿದಾಗಲೂ ಕಥೆ ಮುಗಿಯುವುದಿಲ್ಲ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಸೇರಿ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದರ ಜಾಗದಲ್ಲಿ ಎರಡು ಪಾಯಿಂಟ್. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರೇ ಔಟ್. ತಾಳ್ಮೆಯ ರಕ್ಷಣೆ ಇರುವ ತಂಡ ಎದುರಾಳಿಯನ್ನು ಬೇಕೆಂದೇ ಈ ಮೂರನೇ ರೈಡಿನವರೆಗೆ ತಳ್ಳುತ್ತದೆ. ಆ ರೈಡಿಗೆ ಯಾರು ಹೋಗುತ್ತಾರೆ ಎಂಬುದನ್ನು ನೋಡಿದರೆ ತಂಡದಲ್ಲಿ ಎರಡನೇ ರೈಡರ್ ಇದ್ದಾನೋ ಇಲ್ಲವೋ ತಿಳಿಯುತ್ತದೆ. ಕಾಲೇಜು ತಂಡಗಳ ಬಡತನ ಕಾಣುವುದು ಹೆಚ್ಚಾಗಿ ಇಲ್ಲೇ.

ದೊಡ್ಡ ವೇದಿಕೆಯಲ್ಲೂ ಪಾಠ ಇದೇ. ದಾಳಿ ಒಂದರಿಂದಲೇ ಗೆದ್ದ ಪಂದ್ಯಗಳಿಲ್ಲವೆಂದಲ್ಲ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಕಿರೀಟ ಗೆದ್ದಾಗ ಗುಜರಾತ್ ವಿರುದ್ಧದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು, ಪಂದ್ಯ 38-33ರಲ್ಲಿ ಮುಗಿಯಿತು. ಅದೇ ವರ್ಷ ಹರಿಯಾಣ ಸ್ಟೀಲರ್ಸ್ ಎದುರು ಅವರು ಒಂದೇ ಪಂದ್ಯದಲ್ಲಿ 39 ಪಾಯಿಂಟ್ ಗಳಿಸಿದರು. ಆ ಆಟ ನೋಡಿ ಬೆಳೆದ ಹುಡುಗರು ಕಬಡ್ಡಿ ಎಂದರೆ ರೈಡ್ ಎಂದುಕೊಂಡರೆ ತಪ್ಪೇನಿಲ್ಲ. ಆದರೆ 2024ರ ಡಿಸೆಂಬರಿನ ಫೈನಲ್ ಅನ್ನೂ ನೆನೆಯಬೇಕು. ಪಟ್ನಾ ಪೈರೇಟ್ಸ್‌ನ ದೇವಾಂಕ್ ಆ ಋತುವಿನಲ್ಲಿ 300ಕ್ಕೂ ಹೆಚ್ಚು ರೈಡ್ ಪಾಯಿಂಟ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಎದುರಿಗೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಇದ್ದ ಹರಿಯಾಣದ ರಕ್ಷಣೆ. ಪಟ್ನಾ 23ಕ್ಕೆ ನಿಂತಿತು, ಹರಿಯಾಣ 32 ಗಳಿಸಿ ಮೊದಲ ಬಾರಿ ಚಾಂಪಿಯನ್ ಆಯಿತು.

ಅದಕ್ಕೂ ಮೊದಲು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರಿಗೆ ಆದದ್ದೂ ಇದೇ. 1990ರಿಂದ ಒಮ್ಮೆಯೂ ಚಿನ್ನ ಬಿಟ್ಟುಕೊಡದ ತಂಡ ಅದು. ಹೆಸರಾಂತ ರೈಡರುಗಳೇ ತುಂಬಿದ್ದರೂ ಸೆಮಿಫೈನಲ್‌ನಲ್ಲಿ ಇರಾನ್ ರಕ್ಷಣೆಯ ಮುಂದೆ 18 ಪಾಯಿಂಟ್ ದಾಟಲಾಗಲಿಲ್ಲ. ಇರಾನ್ 27 ಗಳಿಸಿತ್ತು.

ಹೀಗೆ ತಂಡವನ್ನು ಇಡಿಯಾಗಿ ಓದುವ ಕಣ್ಣು ಕರ್ನಾಟಕಕ್ಕೆ ಹೊಸದೇನಲ್ಲ. ಇಲ್ಲಿಯ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಪ್ರೊ ಕಬಡ್ಡಿ ಕಿರೀಟ ಗೆಲ್ಲಿಸಿಕೊಟ್ಟರು. ಪುಣೆ ಗೆದ್ದ ಫೈನಲ್‌ನ ಅಂಕ 28-25. ರಕ್ಷಣೆ ಬಿಗಿಯಾಗಿದ್ದ ಪಂದ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹುಡುಗಿಯರ ಪಂದ್ಯದ ಬಗ್ಗೆ ಹೇಳಲೇಬೇಕು. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇಬ್ಬರೂ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು, ಇಬ್ಬರೂ ಕರ್ನಾಟಕದವರು. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಜಾಗ ಕಡಿಮೆ, ಓಡಿ ತಪ್ಪಿಸಿಕೊಳ್ಳುವ ಅವಕಾಶವೂ ಕಡಿಮೆ. ಕಾರ್ನರ್ ಮತ್ತು ಕವರ್ ಹೇಗೆ ಕೂಡಿ ಕೆಲಸ ಮಾಡುತ್ತಾರೆಂದು ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆದರೂ ಕಾಲೇಜು ಮೈದಾನಗಳಲ್ಲಿ ಹುಡುಗರ ಪಂದ್ಯಕ್ಕೆ ಸೇರುವಷ್ಟು ಜನ ಹುಡುಗಿಯರ ಪಂದ್ಯಕ್ಕೆ ಸೇರುವುದಿಲ್ಲ. ಇದು ಬದಲಾಗಲೇಬೇಕು.

ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಕೆಲಸ ಮಾಡಬಹುದು. ಪ್ರತಿ ಪಂದ್ಯದ ಸ್ಕೋರ್ ಶೀಟಿನಿಂದ ಯಾರು ಎಷ್ಟು ರೈಡ್ ಪಾಯಿಂಟ್ ತಂದರು ಎಂಬುದರ ಜೊತೆಗೆ ಯಾರು ಎಷ್ಟು ಮಂದಿಯನ್ನು ಹಿಡಿದರು ಎಂಬುದನ್ನೂ ತೆಗೆದು ಫಲಕದ ಮೇಲೆ ಹಾಕಲಿ. ಒಂದು ವರ್ಷ ಹಾಗೆ ಮಾಡಿದರೆ ತುಮಕೂರು, ಗುಬ್ಬಿ, ಕುಣಿಗಲ್ಲಿನ ಮೈದಾನಗಳ ವಾದಕ್ಕೆ ಗಟ್ಟಿ ಆಧಾರ ಸಿಗುತ್ತದೆ. ವಿಶ್ವವಿದ್ಯಾಲಯದ ಆಯ್ಕೆಯ ದಿನ ಒಬ್ಬ ಒಳ್ಳೆಯ ಕ್ಯಾಚರ್ ಹೆಸರು ಮರೆತುಹೋಗುವುದೂ ತಪ್ಪುತ್ತದೆ. ಓದುಗರೂ ಮುಂದಿನ ಸಲ ಹತ್ತಿರದಲ್ಲಿ ಅಂತರ ಕಾಲೇಜು ಪಂದ್ಯವಿದ್ದರೆ ಹೋಗಿ, ನಡುಗೆರೆಯ ಪಕ್ಕ ಬಿಟ್ಟು ಹಿಂದಿನ ಗೆರೆಯ ಮೂಲೆಗೆ ಕೂತು ನೋಡಿ.